ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಸ್ಬಹುದಾ?

ಪ್ರಶ್ನೆ: ಸರ್, ನಾನು ರಿಟೈರ್ಡ್ ಹೈಸ್ಕೂಲ್ ಟೀಚರ್. 2016ರಲ್ಲಿ ತಗೊಂಡಿದ್ದ ಲ್ಯಾಪ್‌ಟಾಪ್ ಇದೆ, 4 ಜಿಬಿ ರ‍್ಯಾಮ್, ವಿಂಡೋಸ್ 10. ಅಂಗಡಿಗೆ ತೋರಿಸಿದ್ರೆ "ಇದಕ್ಕೆ 11 ಬರಲ್ಲ ಮೇಡಂ, ಹೊಸದು ತಗೊಳ್ಳಿ" ಅಂದ್ರು. ತಂಗಿ ಮಗ ಮಾತ್ರ "ಲಿನಕ್ಸ್ ಹಾಕ್ಕೊಡ್ತೀನಿ ದೊಡ್ಡಮ್ಮ, ದುಡ್ಡೇ ಬೇಡ" ಅಂತಾನೆ. ನನಗೆ ಬ್ಯಾಂಕ್ ಕೆಲಸ, ಮಗಳ ಜೊತೆ ವಿಡಿಯೋ ಕಾಲ್, ಆಗಾಗ ಪ್ರಿಂಟು, ಆಮೇಲೆ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಬರೆದಿಟ್ಟಿರೋ ಹತ್ತು ವರ್ಷದ ಲೇಖನಗಳು, ಇಷ್ಟೇ. ನಮ್ಮಂಥೋರಿಗೆ ಆಗುತ್ತಾ?
- ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಆಗುತ್ತೆ ಮೇಡಂ, ಹಾಕಿಸಿ. ಲಿನಕ್ಸ್ ಅಂದ್ರೆ ವಿಂಡೋಸ್ ಥರಾನೇ ಕಂಪ್ಯೂಟರ್ ನಡೆಸೋ ಇನ್ನೊಂದು ಸಾಫ್ಟ್‌ವೇರು, ಅಷ್ಟೇ. ನೀವು ಬರೆದಿರೋ ನಾಲ್ಕರಲ್ಲಿ ಬ್ಯಾಂಕು, ವಿಡಿಯೋ ಕಾಲಿಗೆ ತಲೆ ಕೆಡಿಸ್ಕೋಬೇಡಿ, ಎರಡೂ ಬ್ರೌಸರಲ್ಲೇ ನಡೆಯುತ್ತೆ, ಫೈರ್‌ಫಾಕ್ಸು ಕ್ರೋಮು ಎರಡೂ ಲಿನಕ್ಸಿಗೆ ಇದಾವೆ. ಪ್ರಿಂಟರ್ ಒಂದ್ಸಲ ಪರೀಕ್ಷೆ ಮಾಡ್ಬೇಕು. ನುಡಿ ಬಗ್ಗೆ ಮಾತ್ರ ಕೂತು ಮಾತಾಡೋಣ.

ಅಂಗಡಿಯವರು ಸುಳ್ಳು ಹೇಳಿಲ್ಲ. ವಿಂಡೋಸ್ 10ಗೆ ಮೈಕ್ರೋಸಾಫ್ಟ್‌ನವರು 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಸಪೋರ್ಟ್ ನಿಲ್ಲಿಸಿದ್ರು, 11ಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಕೇಳ್ತಾರೆ, ಇಂಟೆಲ್ ಆದ್ರೆ ಹೆಚ್ಚುಕಮ್ಮಿ 8ನೇ ಜನರೇಷನ್ನಿಂದ ಮೇಲಿನ ಪ್ರೊಸೆಸರ್ ಬೇಕು ಅಂತಾರೆ, ಅದು ಬಂದಿದ್ದೇ 2017ರಲ್ಲಿ, ನಿಮ್ಮದ್ರಲ್ಲಿ ಹೇಗಿರುತ್ತೆ ಹೇಳಿ. ಹಾಗಂತ ನಿಮ್ಮ ಮಷೀನು ಕೆಟ್ಟಿದೆಯಾ? ಇಲ್ಲ. ಸ್ಕ್ರೀನ್ ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ, ಇಂಥದ್ದನ್ನ ಗುಜರಿಗೆ ಹಾಕ್ತಾರೆ ಅಂದ್ರೆ ನನಗೆ ಹೊಟ್ಟೆ ಉರಿಯುತ್ತೆ.

ಚಿತ್ರದುರ್ಗದಲ್ಲಿ ನಮ್ಮ ಸೋದರತ್ತೆಗೆ ಇಂಥದ್ದೇ ಲ್ಯಾಪ್‌ಟಾಪ್ ಇತ್ತು, ಎರಡು ವರ್ಷದ ಹಿಂದೆ ಲಿನಕ್ಸ್ ಮಿಂಟ್ ಅನ್ನೋ ಲಿನಕ್ಸ್ ಬಗೆ ಹಾಕಿದೆ, ಅದರಲ್ಲಿ ಎಕ್ಸ್‌ಎಫ್‌ಸಿಇ ಅಂತ ಹಗುರದ ಆವೃತ್ತಿಯೊಂದು ಬರುತ್ತೆ, 4 ಜಿಬಿ ರ‍್ಯಾಮಿಗೆ ಅದೇ ಸರಿ. ಕೆಳಗೆ ಎಡಗಡೆ ಮೆನು, ಬಲಗಡೆ ಗಡಿಯಾರ, ಹಳೇ ವಿಂಡೋಸ್ ಥರಾನೇ ಇರೋದ್ರಿಂದ ಅತ್ತೆಗೆ ಹೊಸದು ಅನ್ನಿಸ್ಲೇ ಇಲ್ಲ. ಪ್ರಿಂಟರ್ ವೈರ್ ಸಿಕ್ಕಿಸಿದ ತಕ್ಷಣ ಮೂಲೆಯಲ್ಲಿ ಅದರ ಹೆಸರು ಬಂತು, ಅವತ್ತೇ ಕರೆಂಟ್ ಬಿಲ್ ಪ್ರಿಂಟ್ ತೆಗೆದ್ರು. ಆದ್ರೆ ಎಲ್ಲಾ ಪ್ರಿಂಟರೂ ಹಂಗೆ ಮಾತು ಕೇಳಲ್ಲ, ಕೆಲವು ಹಳೇ ಲೇಸರ್ ಪ್ರಿಂಟರಿಗೆ ಡ್ರೈವರ್ ಹುಡುಕಿ ಹಾಕೋದೇ ಒಂದು ದಿನದ ಕೆಲಸ.

ಈಗ ನುಡಿ. ಲಿನಕ್ಸಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡೋಕೆ ಐಬಸ್ ಅಂತ ಒಂದು ಪ್ರೋಗ್ರಾಂ ಇರುತ್ತೆ, ಅದಕ್ಕೆ ಕನ್ನಡ ಸೇರಿಸ್ಕೊಂಡ್ರೆ ಪಟ್ಟಿಯಲ್ಲಿ ಕೆಜಿಪಿ ಅಂತ ಕಾಣುತ್ತೆ. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ಅದು, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ್ದು, ನಿಮ್ಮ ಬೆರಳಿಗೆ ರೂಢಿ ಆಗಿರೋದೂ ಅದೇ. ಕೆ, ಎನ್, ಎಫ್, ಎನ್, ಆಮೇಲೆ ಡಬ್ಲ್ಯೂ ಒತ್ತಿ ನೋಡಿ, "ಕನ್ನಡ" ಅಂತ ಮೂಡುತ್ತೆ. ಹೊಸದಾಗಿ ಬರೆಯೋಕೆ ಏನೂ ತೊಂದ್ರೆ ಇಲ್ಲ.

ತೊಂದ್ರೆ ಇರೋದು ಹಳೇ ಲೇಖನಗಳದ್ದು. ಮುಂಚಿನ ನುಡಿ ಫಾಂಟಲ್ಲಿ ಬರೆದಿದ್ದು ಒಳಗಡೆ ಕನ್ನಡ ಅಕ್ಷರವೇ ಅಲ್ಲ, ಇಂಗ್ಲಿಷ್ ಅಕ್ಷರದ ಕೋಡಿಗೆ ಕನ್ನಡದ ಅಂಗಿ ತೊಡಿಸಿರ್ತಾರೆ, ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಅಂಗಿ ಕಳಚಿ ಏನೇನೋ ಚಿಹ್ನೆ ಕಾಣುತ್ತೆ. ಅದಕ್ಕೆ ಹೆದರ್ಬೇಡಿ, ವಿಂಡೋಸ್ ಇರುವಾಗಲೇ ನುಡಿ ಫಾಂಟ್ ಫೈಲುಗಳನ್ನ ಪೆನ್ ಡ್ರೈವಿಗೆ ಕಾಪಿ ಮಾಡ್ಕೊಳ್ಳಿ, ಲಿನಕ್ಸಲ್ಲಿ ಅದನ್ನ ಇನ್‌ಸ್ಟಾಲ್ ಮಾಡಿದ್ರೆ ವರ್ಡ್ ಥರದ ಲಿಬ್ರೆಆಫೀಸಲ್ಲಿ ಲೇಖನ ಓದೋಕೆ ಬರುತ್ತೆ. ಪುಟದ ಅಂಚು, ಸಾಲು ಅಲ್ಲಲ್ಲಿ ಸ್ವಲ್ಪ ಸರಿದಿರಬಹುದು. ಆಮೇಲೆ ಬಿಡುವಾದಾಗ ಒಂದೊಂದೇ ಯೂನಿಕೋಡಿಗೆ, ಅಂದ್ರೆ ಎಲ್ಲಾ ಕಂಪ್ಯೂಟರಲ್ಲೂ ಕನ್ನಡವಾಗೇ ಕಾಣೋ ಕೋಡಿಗೆ, ಬದಲಾಯಿಸ್ಕೊಳ್ಳಿ, ಪರಿವರ್ತಕಗಳು ಸಿಗ್ತಾವೆ, ಒತ್ತಕ್ಷರ ಎಲ್ಲಾದ್ರೂ ತಪ್ಪಿದೆಯಾ ಅಂತ ಮಾತ್ರ ಓದಿ ನೋಡ್ಬೇಕು, ಮಕ್ಕಳ ಉತ್ತರ ಪತ್ರಿಕೆ ತಿದ್ದಿದ ಕೈ ನಿಮ್ಮದು. ಈ ಕೆಲಸ ವಿಂಡೋಸಲ್ಲೇ ಉಳಿದ್ರೂ ಮಾಡ್ಲೇಬೇಕಾದ್ದು ಅನ್ನೋದು ನನ್ನ ಅಭಿಪ್ರಾಯ.

ಎಲ್ರಿಗೂ ಲಿನಕ್ಸ್ ಹಾಕಿ ಅಂತ ನಾನು ಹೇಳಲ್ಲ. ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮ ಮಾವನ ಮೆಕ್ಕೆಜೋಳದ ವ್ಯಾಪಾರ, ಅವರ ಕಂಪ್ಯೂಟರಿಗೂ ಹುರುಪಿನಲ್ಲಿ ಹಾಕ್ಬಿಟ್ಟಿದ್ದೆ. ಅವರು ಲೆಕ್ಕ ಬರೆಯೋ ಟ್ಯಾಲಿ ಸಾಫ್ಟ್‌ವೇರು ವಿಂಡೋಸಿಗೆ ಮಾಡಿದ್ದು, ಜಿಎಸ್‌ಟಿಗೆ ಸಹಿ ಹಾಕೋ ಯುಎಸ್‌ಬಿ ಟೋಕನ್ ಚುಚ್ಚಿದ್ರೆ ಸುಮ್ನೆ ಮಿಣಮಿಣ ಅಂತಿತ್ತು, ರಿಟರ್ನ್ ಹಾಕೋ ಕೊನೇ ದಿನ ಬೇರೆ ಹತ್ರ ಬಂದಿತ್ತು. ಮೂರೇ ದಿನಕ್ಕೆ ವಾಪಸ್ ವಿಂಡೋಸ್ ಹಾಕ್ಕೊಟ್ಟು ಮಾವನ ಹತ್ರ ಕ್ಷಮೆ ಕೇಳಿದೆ. ಏನೇನು ಕೆಲಸ ಮಾಡ್ತೀರಿ ಮಾವ ಅಂತ ಮೊದಲೇ ಕೂತು ಕೇಳ್ಬೇಕಿತ್ತು, ಕೇಳ್ಲಿಲ್ಲ.

ಅದಕ್ಕೇ ತಂಗಿ ಮಗನಿಗೆ ಹೇಳಿ, ಆತುರ ಬೇಡ. 8 ಜಿಬಿ ಪೆನ್ ಡ್ರೈವಲ್ಲಿ ಮಿಂಟ್ ಹಾಕಿ ಅದರಿಂದಲೇ ಲ್ಯಾಪ್‌ಟಾಪ್ ಆನ್ ಮಾಡ್ಬಹುದು, ಒಳಗಿರೋ ವಿಂಡೋಸನ್ನ ಮುಟ್ಟೋದೇ ಇಲ್ಲ, ಸ್ವಲ್ಪ ನಿಧಾನ ಇರುತ್ತೆ ಅಷ್ಟೇ. ವೈಫೈ ಬಂತಾ, ಕ್ಯಾಮೆರಾದಲ್ಲಿ ಮುಖ ಕಾಣ್ತಾ, ಮಗಳಿಗೆ ಮಾತು ಕೇಳ್ತಾ, ಪ್ರಿಂಟ್ ಬಂತಾ, ಎಲ್ಲಾ ನೀವೇ ಕೂತು ನೋಡಿ. ಸರಿ ಅನ್ನಿಸಿದ್ರೆ ಲೇಖನ, ಫೋಟೋ ಎಲ್ಲಾ ಎರಡು ಕಡೆ ಕಾಪಿ ಮಾಡಿಸಿ, ಎರಡೂ ತೆರೆಯುತ್ತೆ ಅಂತ ಖಾತ್ರಿ ಮಾಡ್ಕೊಂಡ ಮೇಲೇ ಇನ್‌ಸ್ಟಾಲ್. ಒಳಗೆ ಹಳೇ ಹಾರ್ಡ್ ಡಿಸ್ಕ್ ಇದ್ರೆ ಅದೇ ಕೈಯಲ್ಲಿ ಅದರ ಬದಲಿಗೆ ಎಸ್‌ಎಸ್‌ಡಿ ಅನ್ನೋ ವೇಗದ ಡಿಸ್ಕ್ ಹಾಕಿಸಿಬಿಡಿ, ಖರ್ಚು ಮಾಡೋದಾದ್ರೆ ಅದೊಂದಕ್ಕೆ ಮಾಡಿ.

ಪ್ರಶ್ನೆ: ಸರ್, ನಾನು ಡಿಗ್ರಿ ಓದ್ತಿದೀನಿ, ಹಾಸ್ಟೆಲಲ್ಲಿ ಫ್ರೆಂಡ್ಸ್ ಜೊತೆ ವ್ಯಾಲೊರಂಟ್ ಗೇಮ್ ಆಡ್ತೀನಿ. ಲಿನಕ್ಸಿಗೆ ಪೂರ್ತಿ ಹೋಗ್ಬಹುದಾ?
- ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಪೂರ್ತಿ ಬೇಡಪ್ಪ. ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿರೋ ಆಟಗಳು ಸುಮಾರು ನಡೀತಾವೆ, ಆದ್ರೆ ಆಟದಲ್ಲಿ ಮೋಸ ಹಿಡಿಯೋ ವ್ಯಾಲೊರಂಟಿನ ಆ್ಯಂಟಿ ಚೀಟ್ ವಿಂಡೋಸ್ ಬಿಟ್ಟು ಲಿನಕ್ಸಲ್ಲಿ ಓಡಲ್ಲ. ಎರಡೂ ಇಟ್ಕೋ, ಆನ್ ಮಾಡುವಾಗ ಯಾವುದು ಬೇಕೋ ಆರಿಸ್ಕೊಳ್ಳೋ ಹಾಗೆ. ಹಾಕೋ ಮುಂಚೆ ವಿಂಡೋಸಲ್ಲಿ ಬೇಗ ಆನ್ ಆಗೋಕೆ ಇರೋ ಫಾಸ್ಟ್ ಸ್ಟಾರ್ಟಪ್ ಅನ್ನೋ ಸೆಟ್ಟಿಂಗ್ ಆಫ್ ಮಾಡು, ಇಲ್ಲಾಂದ್ರೆ ವಿಂಡೋಸ್ ಡ್ರೈವಲ್ಲಿರೋ ನೋಟ್ಸನ್ನ ಲಿನಕ್ಸಿಂದ ತಿದ್ದೋಕೆ ಬಿಡಲ್ಲ.