ಲೈಬ್ರರಿಯಲ್ಲಿ ಉಪನ್ಯಾಸ, ಪ್ರದರ್ಶನ ಯಾಕೆ? ಓದುಗರೊಬ್ಬರಿಗೆ ಸಂಪಾದಕರ ಉತ್ತರ

ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಉಳಿದ ಓದುಗರಿಗೂ ಗೊತ್ತಾಗಲಿ ಅಂತ ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ನೀವು ವಿರಾಜಪೇಟೆ ಕಡೆಯವರು. ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೀರಿ. ಬೆಳಿಗ್ಗೆ ಬಸ್ಸು ಹಿಡಿದು ಲೈಬ್ರರಿಗೆ ಬಂದರೆ ಸಂಜೆಯವರೆಗೆ ಅಲ್ಲೇ ಇರುತ್ತೀರಿ. ಕೊಡಗಿನ ಲೈಬ್ರರಿಗಳಲ್ಲಿ ಉಪನ್ಯಾಸ, ಪ್ರದರ್ಶನ ಜಾಸ್ತಿ ನಡೆಯಬೇಕು ಅಂತ ಹಿಂದಿನ ಸಂಚಿಕೆಯಲ್ಲಿ ನಾವು ಬರೆದದ್ದು ನಿಮಗೆ ಹಿಡಿಸಿಲ್ಲ. "ನಮಗೆ ಬೇಕಿರುವುದು ಕೂರೋಕೆ ಕುರ್ಚಿ, ಹೋಗದ ಕರೆಂಟು, ಸದ್ದಿಲ್ಲದ ಜಾಗ. ಮೈಕು, ಹಾರ, ಶಾಲು ಬೇಡ. ಭಾಷಣ ಕೇಳುವವರಿಗೆ ಮೊಬೈಲಿನಲ್ಲೇ ಬೇಕಾದಷ್ಟು ಸಿಗುತ್ತೆ. ಆ ದುಡ್ಡಲ್ಲಿ ಹೊಸ ಪುಸ್ತಕ ತರಿಸಬಾರದಾ?" ಇದು ನಿಮ್ಮ ಪ್ರಶ್ನೆ.

ಕುರ್ಚಿಯ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಜೊತೆ ಇದ್ದೇನೆ. ಬಾಡಿಗೆ ಕೊಡದೆ, ಏನನ್ನೂ ಕೊಳ್ಳದೆ, ಯಾರ ಮರ್ಜಿಯೂ ಇಲ್ಲದೆ ದಿನವಿಡೀ ಕೂತು ಓದಬಹುದಾದ ಜಾಗ ನಮ್ಮ ಜಿಲ್ಲೆಯಲ್ಲಿ ಲೈಬ್ರರಿ ಬಿಟ್ಟರೆ ಇನ್ನೆಲ್ಲಿದೆ? ತೋಟದ ಕೆಲಸದವರ ಲೈನ್‌ಮನೆಯಲ್ಲಿ ಬೆಳೆದ ಮಕ್ಕಳಿಗೆ ಮನೆಯಲ್ಲಿ ಪುಸ್ತಕ ಬಿಚ್ಚಿಡೋಕೆ ಒಂದು ಮೂಲೆ ಸಿಗುವುದೂ ಕಷ್ಟ. ಅಂಥವರಿಗೆ ಲೈಬ್ರರಿಯ ಒಂದು ಕುರ್ಚಿ ಅಂದರೆ ಒಂದು ಸರ್ಕಾರಿ ಕೆಲಸದ ಆಸೆ, ಒಂದು ಮನೆಯ ಆಸೆ. ಅದನ್ನು ಕಿತ್ತುಕೊಂಡು ನಡೆಸುವ ಯಾವ ಕಾರ್ಯಕ್ರಮವೂ ಬೇಡ. ಇನ್ನೊಂದು ವಿಷಯ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಏರ್ಪಾಡು ಅದು. ಹಾಗಾಗಿ ಕುರ್ಚಿ ಕೇಳೋಕೆ, ದೀಪ ಕೇಳೋಕೆ ಸಂಕೋಚ ಪಡಬೇಡಿ. ಅದು ಊರಿನವರೇ ಕಟ್ಟಿದ ದುಡ್ಡು.

ಆದರೆ ಉಪನ್ಯಾಸ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬಂದದ್ದು ಸಭೆ. ವೇದಿಕೆ ತುಂಬಾ ಜನ, ಪ್ರಾರ್ಥನೆ, ಸ್ವಾಗತ, ಸನ್ಮಾನ. ಮುಖ್ಯ ಭಾಷಣಕ್ಕೆ ಬರುವ ಹೊತ್ತಿಗೆ ಕೇಳುವವರು ಎದ್ದು ಹೋಗಿರುತ್ತಾರೆ. ಅದು ನನಗೂ ಬೇಡ. ನಾನು ಹೇಳುತ್ತಿರುವುದು ಕಪಾಟಿನ ಪುಸ್ತಕವನ್ನು ಹೊರಗೆ ತರುವ ಮಾತು. ಇವೆರಡಕ್ಕೂ ಬಹಳ ವ್ಯತ್ಯಾಸ ಇದೆ.

ಇದು ಹೊಸ ಯೋಚನೆಯೂ ಅಲ್ಲ. 1948ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಗ್ರಂಥಾಲಯ ಕಾಯ್ದೆ ಬಂತು. ಆಗ ಪಕ್ಕದ ಮಂಗಳೂರು ಮದ್ರಾಸಿಗೇ ಸೇರಿತ್ತು. ಆ ಕಾಯ್ದೆಯ ಹಿಂದೆ ದುಡಿದವರು ಗ್ರಂಥಾಲಯ ಶಾಸ್ತ್ರಜ್ಞ ಎಸ್.ಆರ್. ರಂಗನಾಥನ್. ಸ್ಥಳೀಯ ಗ್ರಂಥಾಲಯ ಪ್ರಾಧಿಕಾರ ಏನೇನು ಮಾಡಬಹುದು ಅಂತ ಅದರಲ್ಲೇ ಬರೆದಿದೆ. ಪುಸ್ತಕ, ಪತ್ರಿಕೆ ಅಷ್ಟೇ ಅಲ್ಲ, ಭೂಪಟ ಇಡಬಹುದು, ಕಲೆ ಮತ್ತು ವಿಜ್ಞಾನದ ಮಾದರಿಗಳನ್ನು ಇಡಬಹುದು, ಪರದೆಯ ಮೇಲೆ ಚಿತ್ರ ತೋರಿಸುವ ಲ್ಯಾಂಟರ್ನ್ ಸ್ಲೈಡು, ಸಿನಿಮಾ ರೀಲು ಇಡಬಹುದು. ಉಪನ್ಯಾಸ ಏರ್ಪಡಿಸಬಹುದು, ತರಗತಿ ನಡೆಸಬಹುದು. ಕಾರಣವೂ ಸ್ಪಷ್ಟ. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇಕಡಾ 18ರ ಆಸುಪಾಸಿನಲ್ಲಿತ್ತು. ಓದು ಬಾರದವರಿಗೆ ಪುಸ್ತಕದಲ್ಲಿ ಇರುವುದನ್ನು ಮುಟ್ಟಿಸೋಕೆ ಮಾತು, ಚಿತ್ರ ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಈಗ ಕೊಡಗಿನಲ್ಲಿ ಹೆಚ್ಚಿನವರಿಗೆ ಓದು ಬರುತ್ತದೆ. ಹಾಗಾದರೆ ಮಾತು ಬೇಡವಾ? ಇಲ್ಲೇ ನೋಡಿ ರಂಗನಾಥನ್ ಅವರ ಸೂತ್ರಗಳು ಕೆಲಸಕ್ಕೆ ಬರುವುದು. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರ ಹಾಕಿಕೊಟ್ಟರು. ಮೂರನೆಯದು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ನಾಲ್ಕನೆಯದು, ಓದುಗರ ಸಮಯ ಉಳಿಯಬೇಕು. ನಿಮ್ಮ ವಾದಕ್ಕೆ ನಾಲ್ಕನೆಯ ಸೂತ್ರದ ಬಲ ಇದೆ. ನನ್ನ ವಾದ ಮೂರನೆಯದು. ವರ್ಷಗಟ್ಟಲೆ ಯಾರೂ ಮುಟ್ಟದ ಪುಸ್ತಕಗಳು ಪ್ರತಿ ಲೈಬ್ರರಿಯಲ್ಲೂ ಇವೆ. ಅದು ಅಲ್ಲಿದೆ ಅಂತಲೇ ಯಾರಿಗೂ ಗೊತ್ತಿಲ್ಲ. ಹೊಸ ಪುಸ್ತಕ ತರಿಸಿ, ಖಂಡಿತ ತರಿಸಬೇಕು. ಆದರೆ ಅದರ ಬಗ್ಗೆ ಯಾರೂ ಮಾತಾಡದಿದ್ದರೆ ನಾಲ್ಕು ಮಳೆಗಾಲ ಕಳೆಯುವ ಹೊತ್ತಿಗೆ ಅದಕ್ಕೂ ಬೂಷ್ಟು ಹಿಡಿದಿರುತ್ತದೆ. ನಮ್ಮ ಊರಿನ ಥಂಡಿ ನಿಮಗೆ ಗೊತ್ತಲ್ವಾ?

ಬೆಂಗಳೂರಿನ ಬಸವನಗುಡಿ ಕಡೆಗೆ ಹೋದರೆ ಎರಡು ಸಂಸ್ಥೆ ನೋಡಿ ಬನ್ನಿ. ಬಿ.ಪಿ. ವಾಡಿಯಾ ಅವರು ಕಟ್ಟಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಒಂದು. ಡಿ.ವಿ. ಗುಂಡಪ್ಪನವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇನ್ನೊಂದು. ಎರಡೂ ಶುರುವಾದದ್ದು 1945ರಲ್ಲಿ. ಎರಡರಲ್ಲೂ ಲೈಬ್ರರಿ ಇದೆ, ಉಪನ್ಯಾಸಕ್ಕೆ ಬೇರೆಯೇ ಸಭಾಂಗಣ ಇದೆ. ಮಾತು ಕೇಳಿದವರು ಪುಸ್ತಕದ ಕಡೆ ಹೋಗಬಹುದು, ಓದುತ್ತಿದ್ದವರಿಗೆ ಮಾತಿನ ಕಾಟ ಇಲ್ಲ. ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಲ್ಲಿ ಇನ್ನೂ ಮುಂದೆ ಹೋಗಿತ್ತು. ಪ್ರಾಧ್ಯಾಪಕರನ್ನು ಸಣ್ಣ ಊರುಗಳಿಗೆ ಕಳಿಸಿ ಕನ್ನಡದಲ್ಲಿ ಮಾತಾಡಿಸಿತು. ಆಮೇಲೆ ಆ ಮಾತುಗಳನ್ನೇ ಕಡಿಮೆ ಬೆಲೆಯ ಪುಟ್ಟ ಪುಸ್ತಕ ಮಾಡಿ ಹಂಚಿತು. ಪ್ರಚಾರೋಪನ್ಯಾಸ ಮಾಲೆ ಅಂತ ಹಳೆಯ ಲೈಬ್ರರಿಗಳಲ್ಲಿ ಈಗಲೂ ಅವು ಕಣ್ಣಿಗೆ ಬೀಳುತ್ತವೆ.

ಇನ್ನು ಮೊಬೈಲಿನ ಮಾತು. ಸಂವಿಧಾನ, ಅರ್ಥಶಾಸ್ತ್ರ ಎಲ್ಲ ಅಲ್ಲಿ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ಆದರೆ ಕೊಡಗು ಅಂತ ಒಮ್ಮೆ ಹುಡುಕಿ. ಅಬ್ಬಿ ಜಲಪಾತ, ರಾಜಾಸೀಟು, ಹೋಂಸ್ಟೇ, ಪಂದಿಕರಿ, ಇವೇ ಸಾಲಾಗಿ ಬರುತ್ತವೆ. ಕೊಡಗು ಒಂದು ಕಾಲಕ್ಕೆ ಬೇರೆ ರಾಜ್ಯವಾಗಿತ್ತು, 1952ರಲ್ಲಿ ಅದಕ್ಕೆ 24 ಸದಸ್ಯರ ವಿಧಾನಸಭೆ ಬಂತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ ಆಗಿದ್ದರು, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ಇಷ್ಟು ನಿಮ್ಮ ಗೈಡಿನಲ್ಲೂ ಇರುತ್ತದೆ. ಆ ದಿನಗಳಲ್ಲಿ ಮನೆಯೊಳಗೆ ಏನು ಮಾತಾಡಿಕೊಂಡರು? ಸೇರಬೇಕು ಅಂದವರಿಗೂ ಬೇಡ ಅಂದವರಿಗೂ ಯಾವ ಭಯ, ಯಾವ ಆಸೆ ಇತ್ತು? ಕಚೇರಿ ಕೆಲಸ ಹೇಗೆ ಬದಲಾಯಿತು? ಆಗ ಹತ್ತು ಹದಿನೈದು ವರ್ಷ ಇದ್ದವರಿಗೆ ಈಗ ಎಂಬತ್ತು ವರ್ಷ. ಅವರು ವಿಡಿಯೋ ಮಾಡಿ ಹಾಕುವವರಲ್ಲ. ಕರೆದು, ಕೂರಿಸಿ, ಒಂದು ಲೋಟ ಬೆಲ್ಲದ ಕಾಫಿ ಕೊಟ್ಟು ಕೇಳಿದರೆ ಹೇಳುತ್ತಾರೆ. ಕೇಳುವವರಲ್ಲೇ ಇನ್ನೊಬ್ಬ ಅಜ್ಜ ಎದ್ದು, ಹಾಗಲ್ಲ, ನಮ್ಮ ನಾಡಿನಲ್ಲಿ ಬೇರೆ ಥರ ಆಯಿತು ಅನ್ನುತ್ತಾರೆ. ಆ ಎರಡನೇ ಮಾತು ಯಾವ ಮೊಬೈಲಿನಲ್ಲೂ ಸಿಗುವುದಿಲ್ಲ. ಅದನ್ನು ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಟ್ಟರೆ ಲೈಬ್ರರಿಗೆ ಒಂದು ಹೊಸ ಪುಸ್ತಕ ಬಂದ ಹಾಗೆಯೇ.

ಭಾಷೆಯ ವಿಷಯದಲ್ಲಿ ಸ್ವಲ್ಪ ಧಾರಾಳ ಬೇಕು. ನಮ್ಮಲ್ಲಿ ಕನ್ನಡದ ಜೊತೆ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯರವ, ಕುರುಬ ಭಾಷೆಗಳಿವೆ. ಯರವರ ಹಿರಿಯರೊಬ್ಬರು ಕಾಡಿನ ಗೆಣಸಿನ ಬಗ್ಗೆ, ಜೇನಿನ ಬಗ್ಗೆ ಅವರ ಭಾಷೆಯಲ್ಲೇ ಹೇಳಲಿ. ಪಕ್ಕದಲ್ಲಿ ಒಬ್ಬರು ಕೂತು ಕನ್ನಡದಲ್ಲಿ ತಿಳಿಸಿದರೆ ಆಯಿತು.

ಮಾತು ಹೇಗಿರಬೇಕು ಅನ್ನೋದಕ್ಕೆ ಒಂದು ಉದಾಹರಣೆ. ಕಥೆಗಾರ್ತಿ ಕೊಡಗಿನ ಗೌರಮ್ಮ 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಆಗ ಅವರಿಗೆ ಹೆಚ್ಚುಕಡಿಮೆ ನಿಮ್ಮ ವಯಸ್ಸೇ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೂ ಬರಲೇಬೇಕು ಅಂತ ಉಪವಾಸ ಕೂತು, ಬಂದ ಮೇಲೆ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟವರು. ಅವರ ಬಗ್ಗೆ ಒಂದು ಮಧ್ಯಾಹ್ನ ಅಂದರೆ ಹೊಗಳಿಕೆಯ ಭಾಷಣ ಬೇಡ. ಅವರ ಒಂದು ಕಥೆಯನ್ನು ಗಟ್ಟಿಯಾಗಿ ಓದಲಿ. ಇಪ್ಪತ್ತು ನಿಮಿಷ ಓದು, ಇಪ್ಪತ್ತು ನಿಮಿಷ ಅದರ ಮೇಲೆ ಮಾತು, ಉಳಿದದ್ದು ಕೇಳುಗರ ಪ್ರಶ್ನೆಗೆ. ಮೂವತ್ತು ಜನ ಕೂರುವ ಕೋಣೆಗೆ ಮೈಕೇ ಬೇಡ. ಅವರ ಕಥೆಗಳ ಪ್ರತಿಗಳು, ಆ ಕಾಲದ ಬೇರೆ ಲೇಖಕಿಯರ ಪುಸ್ತಕಗಳು ಬಾಗಿಲ ಹತ್ತಿರದ ಮೇಜಿನ ಮೇಲೆ ಇರಲಿ. ಗ್ರಂಥಪಾಲಕರು ಎರವಲಿನ ರಿಜಿಸ್ಟರ್ ತೆರೆದು ಅಲ್ಲೇ ಕೂತಿರಲಿ. ಬಂದವರಲ್ಲಿ ಐದು ಜನ ಪುಸ್ತಕ ತಗೊಂಡು ಹೋದರೂ ಆ ಮಧ್ಯಾಹ್ನ ಗೆದ್ದ ಹಾಗೆ. ಎಷ್ಟು ಜನ ಬಂದರು ಅನ್ನೋದಕ್ಕಿಂತ ಎಷ್ಟು ಪುಸ್ತಕ ಹೊರಗೆ ಹೋಯಿತು ಅನ್ನೋ ಲೆಕ್ಕ ಇಡಬೇಕು ಅನ್ನೋದು ನನ್ನ ಅಭಿಪ್ರಾಯ.

ಪ್ರದರ್ಶನದ ವಿಷಯಕ್ಕೆ ಬಂದರೆ ನಿಮ್ಮ ದೂರು ಅರ್ಧ ಕರಗುತ್ತದೆ. ಪ್ರದರ್ಶನ ಸದ್ದು ಮಾಡುವುದಿಲ್ಲ. ಕುರ್ಚಿಯನ್ನೂ ತಗೊಳ್ಳುವುದಿಲ್ಲ. ಬಾಗಿಲಿಂದ ಓದುವ ಕೋಣೆಗೆ ಹೋಗುವ ಗೋಡೆಯೊಂದು ಸಾಕು.

ಏನು ಇಡಬೇಕು? ನನ್ನ ಮೊದಲ ಆಯ್ಕೆ ಮಳೆ ಪುಸ್ತಕ. ನಮ್ಮ ಎಷ್ಟೋ ಕಾಫಿ ತೋಟಗಳಲ್ಲಿ ಮಳೆ ಅಳೆಯುವ ಪಾತ್ರೆ ಇದೆ. ದಿನಾ ಬೆಳಿಗ್ಗೆ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅಂತ ಬರೆದಿಡುತ್ತಾರೆ. ಅಜ್ಜ ಬರೆದ ಪುಸ್ತಕದಲ್ಲೇ ಮೊಮ್ಮಗ ಮುಂದುವರಿಸಿದ ಮನೆಗಳಿವೆ. ಕಾಫಿ ಹೂ ಅರಳಿಸುವ ಹೂಮಳೆ ಯಾವ ವರ್ಷ ಫೆಬ್ರವರಿಯಲ್ಲೇ ಬಂತು, ಯಾವ ವರ್ಷ ಕೈಕೊಟ್ಟಿತು, ಹೂ ಅರಳಿದ ಮೇಲಿನ ಮಳೆ ಸರಿಯಾಗಿ ಬಂತಾ, ಎಲ್ಲ ಅದರಲ್ಲಿರುತ್ತದೆ. ಅಂಚಿನಲ್ಲಿ ಸೇತುವೆ ಮುಳುಗಿತು, ಆಳು ಬರಲಿಲ್ಲ, ಮರ ಬಿತ್ತು ಅಂತ ಸಣ್ಣ ಸಣ್ಣ ಟಿಪ್ಪಣಿ. ಭಾಗಮಂಡಲದ ಕಡೆಯ ಒಂದು ಪುಸ್ತಕ, ಮಾದಾಪುರದ ಕಡೆಯದು ಒಂದು, ಗೋಣಿಕೊಪ್ಪದ್ದು ಒಂದು, ಕುಶಾಲನಗರದ್ದು ಒಂದು. ಇವುಗಳ 2018ರ ಆಗಸ್ಟ್ ತಿಂಗಳ ಪುಟಗಳನ್ನು ದೊಡ್ಡದು ಮಾಡಿ ಸಾಲಾಗಿ ತೂಗುಹಾಕಿ. ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಬೆಟ್ಟ ಜಾರಿದ ಆ ದಿನಗಳನ್ನು ನಾವೆಲ್ಲ ಬದುಕಿ ದಾಟಿದ್ದೇವೆ. ಒಂದೇ ಜಿಲ್ಲೆಯ ಪಶ್ಚಿಮದಲ್ಲಿ ಎಷ್ಟು ಸುರಿಯಿತು, ಪೂರ್ವದಲ್ಲಿ ಎಷ್ಟು ಅನ್ನೋದು ಪುಟ ಪುಟದಲ್ಲಿ ಕಾಣುತ್ತದೆ. ಪಕ್ಕದಲ್ಲಿ ಭೂಕುಸಿತ, ಮಣ್ಣು, ಕಾಡಿನ ಬಗ್ಗೆ ಲೈಬ್ರರಿಯಲ್ಲಿ ಇರುವ ಪುಸ್ತಕಗಳು. ಪೊನ್ನಂಪೇಟೆಯ ಅರಣ್ಯ ಕಾಲೇಜಿನವರೋ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರೋ ಒಂದು ಮಧ್ಯಾಹ್ನ ಬಂದು ಆ ಪುಟಗಳ ಮುಂದೆಯೇ ನಿಂತು ಮಾತಾಡಲಿ. ಪರೀಕ್ಷೆಯಲ್ಲಿ ವಿಪತ್ತು ನಿರ್ವಹಣೆ ನಿಮಗೂ ಒಂದು ವಿಷಯ ಅಲ್ವಾ? ಸ್ವಂತ ಜಿಲ್ಲೆಯ ಪುಟ ನೋಡಿದವರು ಬರೆಯುವ ಉತ್ತರಕ್ಕೆ ಬೇರೆಯೇ ಗಟ್ಟಿತನ ಇರುತ್ತದೆ.

ಒಂದು ಎಚ್ಚರಿಕೆ. ಮೂಲ ಪುಸ್ತಕ ಮನೆಯಲ್ಲೇ ಇರಲಿ. ಸ್ಕ್ಯಾನ್ ಮಾಡಿ ಪ್ರತಿಯನ್ನು ಮಾತ್ರ ತೂಗುಹಾಕಬೇಕು. ಹಳೆಯ ಕಾಗದ, ಹಳೆಯ ಫೋಟೋಗಳಿಗೆ ಬೆಳಕೂ ಆಗದು, ತೇವವೂ ಆಗದು. ಚೆನ್ನಾಗಿರುತ್ತದೆ ಅಂತ ಲ್ಯಾಮಿನೇಷನ್ ಮಾಡಿಸುವವರಿದ್ದಾರೆ, ದಯವಿಟ್ಟು ಬೇಡ. ಬಿಸಿಗೆ ಅಂಟಿಕೊಂಡ ಪ್ಲಾಸ್ಟಿಕ್ಕನ್ನು ಕಾಗದ ಹಾಳಾಗದ ಹಾಗೆ ಬಿಡಿಸೋಕೆ ಆಗುವುದಿಲ್ಲ.

ಎರಡನೇ ಆಯ್ಕೆ ಶಾಸನ. ನಮ್ಮ ನಾಡಿನ ಶಾಸನಗಳನ್ನು ಅಚ್ಚು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ ಮೊದಲ ಸಂಪುಟವೇ ಕೊಡಗಿನ ಶಾಸನಗಳದ್ದು. ಲೂಯಿಸ್ ರೈಸ್ ಅದನ್ನು 1886ರಲ್ಲಿ ಹೊರತಂದರು. ಹತ್ತನೇ ಶತಮಾನದ ಗಂಗರ ಕಾಲದ ಪೆಗ್ಗೂರು ಶಾಸನ ಅದರಲ್ಲಿದೆ. ಗೋಡೆಯ ಮೇಲೆ ಜಿಲ್ಲೆಯ ನಕ್ಷೆ ಹಾಕಿ ಶಾಸನ ಇರುವ ಊರುಗಳನ್ನು ಗುರುತು ಮಾಡಿ. ನೋಡಿದವರು ತಮ್ಮ ಊರಿನ ದೇವಸ್ಥಾನದ ಹತ್ತಿರವೂ ಅಕ್ಷರದ ಕಲ್ಲು ಇದೆ ಅಂತ ಹೇಳಬಹುದು. ಹಾಗೆ ಹೇಳೋಕೆ ಒಂದು ಪುಸ್ತಕ, ಒಂದು ಪೆನ್ನು ಅಲ್ಲೇ ಕಟ್ಟಿಡಿ. ವಸ್ತುಗಳನ್ನು ನೋಡೋಕೆ ಮಡಿಕೇರಿ ಕೋಟೆಯೊಳಗಿನ ಮ್ಯೂಸಿಯಂ ಇದೆ, ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ ಕೂಡ 2021ರಿಂದ ಮ್ಯೂಸಿಯಂ ಆಗಿದೆ. ಲೈಬ್ರರಿಯ ಪ್ರದರ್ಶನಕ್ಕೆ ಬೇರೆ ಗುಣ ಇದೆ. ನೋಡಿದ್ದರ ಬಗ್ಗೆ ಆಸೆ ಹುಟ್ಟಿದ ಕೂಡಲೇ ನಾಲ್ಕು ಹೆಜ್ಜೆ ದೂರದಲ್ಲಿ ಪುಸ್ತಕ ಇರುತ್ತದೆ.

ಯಾವಾಗ ನಡೆಸಬೇಕು ಅನ್ನೋದನ್ನು ಬೆಂಗಳೂರಿನ ಲೆಕ್ಕದಲ್ಲಿ ನೋಡಬಾರದು. ಜೂನ್‌ನಿಂದ ಆಗಸ್ಟ್‌ವರೆಗೆ ಜೋರು ಮಳೆ. ಕರೆಂಟು ಇರುವುದಿಲ್ಲ, ದಾರಿಯ ನಂಬಿಕೆ ಇಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ತೋಟದವರಿಗೂ ಕೆಲಸದವರಿಗೂ ತಲೆ ಎತ್ತೋಕೆ ಬಿಡುವಿಲ್ಲ. ಸೆಪ್ಟೆಂಬರ್ ಮೊದಲಲ್ಲಿ ಬರುವ ಆಯುಧ ಹಬ್ಬ ಕೈಲ್ ಪೊಳ್ದ್ ಕಳೆದ ಮೇಲಿಂದ ಸುಗ್ಗಿ ಹಬ್ಬ ಪುತ್ತರಿವರೆಗೆ, ದಸರಾ ಗಲಾಟೆಯ ದಿನ ಬಿಟ್ಟು, ಒಳ್ಳೆಯ ಕಾಲ. ಹಗಲು ಹೊತ್ತಿನಲ್ಲೇ ಆಗಬೇಕು. ಸಂಜೆ ಆರಕ್ಕೆ ಇಟ್ಟರೆ ಹಳ್ಳಿಯವರಿಗೆ ಕೊನೇ ಬಸ್ಸು ತಪ್ಪುತ್ತದೆ, ಹೆಣ್ಣುಮಕ್ಕಳು ಬರುವುದೇ ಇಲ್ಲ. ಮಡಿಕೇರಿಯಲ್ಲಿ ಶುಕ್ರವಾರ ಸಂತೆ. ಹೇಗೂ ಪೇಟೆಗೆ ಬಂದವರು ಮಧ್ಯಾಹ್ನ ಒಂದು ಗಂಟೆ ಕೂರಬಹುದು. ತಿಂಗಳಿಗೆ ಒಂದು ಮಾತು ಸಾಕು, ಅದೂ ಓದುವ ಕೋಣೆಯಲ್ಲಿ ಬೇಡ. ಬೇರೆ ಕೋಣೆ ಇಲ್ಲದ ಕಡೆ ಪಕ್ಕದ ಶಾಲೆಯ ಒಂದು ಕ್ಲಾಸ್‌ರೂಮು ಕೇಳಬಹುದು.

ದುಡ್ಡಿನ ಪ್ರಶ್ನೆಗೆ ಹೆಚ್ಚು ಹೇಳಬೇಕಾಗಿಲ್ಲ. ಹಾರ, ಶಾಲು, ಫ್ಲೆಕ್ಸ್, ಶಾಮಿಯಾನ ತೆಗೆದರೆ ಉಳಿಯುವುದು ಪ್ರಿಂಟು ತೆಗೆಸಿದ ಖರ್ಚು, ಮಾತಾಡುವವರ ಬಸ್ ಚಾರ್ಜು, ಕಾಫಿ. ಪುಸ್ತಕದ ಹಣಕ್ಕೆ ಕೈ ಹಾಕುವ ಅಗತ್ಯವೇ ಬರುವುದಿಲ್ಲ. ಒಂದು ವೇಳೆ ಪುಸ್ತಕದ ಹಣ ಮುಟ್ಟಿದರೆ ನಿಮ್ಮ ಜೊತೆ ನಿಂತು ನಾನೂ ವಿರೋಧಿಸುತ್ತೇನೆ.

ನೀವು ಒಂದು ಕೆಲಸ ಮಾಡಿ. ನಿಮ್ಮ ಜೊತೆ ಕೂತು ಓದುವವರೆಲ್ಲ ಸೇರಿ ಗ್ರಂಥಪಾಲಕರಿಗೆ ಒಂದು ಅರ್ಜಿ ಬರೆಯಿರಿ. ಎಷ್ಟು ಕುರ್ಚಿ ಬೇಕು, ಯಾವ ಪುಸ್ತಕ ಬೇಕು, ಯಾವ ಹೊತ್ತಿನಲ್ಲಿ ಸದ್ದು ಆಗಲೇಬಾರದು, ಎಲ್ಲ ಬರೆಯಿರಿ. ಕೊನೆಯಲ್ಲಿ ನೀವು ಕೇಳಬೇಕು ಅನ್ನಿಸುವ ಒಂದು ವಿಷಯವನ್ನೂ ಸೇರಿಸಿ. ಅದರ ಪ್ರತಿ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ. ಮನೆಯಲ್ಲಿ ಹಳೆಯ ಮಳೆ ಪುಸ್ತಕ ಇರುವ ಓದುಗರು ಯಾವ ವರ್ಷದಿಂದ ಯಾವ ವರ್ಷದವರೆಗೆ ಇದೆ ಅಂತ ನಮಗೆ ಒಂದು ಸಾಲು ಬರೆದರೆ ಸಾಕು. ಪುಸ್ತಕವನ್ನು ಕಳಿಸಬೇಡಿ.

ಸಂಪಾದಕರು