ಅಜ್ಜಿಯ ಟ್ರಂಕಿನಲ್ಲಿ ನಾಟಕ, ಸಿನಿಮಾ: ಹಳೆಯ ಕಾಗದಪತ್ರ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮ ಅಜ್ಜಿ 1940ರ ದಶಕದಿಂದ ನಾಟಕ ಕಂಪನಿಗಳಲ್ಲಿ ಪಾರ್ಟು ಮಾಡುತ್ತಿದ್ದರು. ಮುಂದೆ ಸಿನಿಮಾಗಳಲ್ಲಿ ತಾಯಿ, ಅತ್ತೆಯ ಪಾತ್ರ. ಈಗ ಅವರ ಎರಡು ಟ್ರಂಕು ನಮ್ಮ ಪಾಲಿಗೆ ಬಂದಿವೆ. ಪತ್ರ, ಹ್ಯಾಂಡ್‌ಬಿಲ್, ಪಾರ್ಟು ಬರೆದುಕೊಂಡ ನೋಟ್‌ಬುಕ್, ಫೋಟೊ, ಲೆಕ್ಕದ ಚೀಟಿ, ಒಂದಷ್ಟು ನೆಗೆಟಿವ್ ಇವೆ. ಕೆಲವಕ್ಕೆ ಹುಳ ಹಿಡಿದಿದೆ. ಮುಖ್ಯವಾದವನ್ನು ಆರಿಸಿ ಲ್ಯಾಮಿನೇಟ್ ಮಾಡಿಸೋಣ ಎಂದುಕೊಂಡಿದ್ದೇವೆ. ಸರಿಯೇ? (ಓದುಗರು, ಧಾರವಾಡ)

ಉತ್ತರ: ಲ್ಯಾಮಿನೇಷನ್ ಖಂಡಿತ ಬೇಡ. ಬಿಸಿ ಮಾಡಿ ಅಂಟಿಸಿದ ಪ್ಲಾಸ್ಟಿಕ್ಕನ್ನು ಮುಂದೆ ಕಾಗದ ಹರಿಯದೆ ಬಿಡಿಸಲಾಗದು. ಆಮ್ಲೀಯ ಕಾಗದವಾದರೆ ಆ ಹೊದಿಕೆಯೊಳಗೇ ಕಂದಾಗಿ ಪುಡಿಯಾಗುತ್ತ ಹೋಗುತ್ತದೆ. ಆರಿಸುವುದೂ ಸದ್ಯಕ್ಕೆ ಬೇಡ. ಯಾವ ಕಾಗದ ಯಾವುದರ ಜೊತೆ ಇತ್ತು ಎನ್ನುವುದೇ ಒಂದು ಸಾಕ್ಷಿ. ಹ್ಯಾಂಡ್‌ಬಿಲ್ಲಿನ ಮಡಿಕೆಯಲ್ಲಿ ಸಿಕ್ಕಿದ ಇಸವಿಯಿಲ್ಲದ ಫೋಟೊವನ್ನು "ಫೋಟೊಗಳು" ಎಂಬ ರಾಶಿಗೆ ಹಾಕಿದ ಕೂಡಲೇ ಅದು ಯಾವ ನಾಟಕದ್ದು ಎನ್ನುವ ಸುಳಿವು ಹೋಯಿತು.

ಮೊದಲು ಮುಚ್ಚಳ ತೆರೆದ ಸ್ಥಿತಿಯಲ್ಲಿ ಟ್ರಂಕಿನ ಫೋಟೊ ತೆಗೆಯಿರಿ. ಆಮೇಲೆ ಮೇಲಿನಿಂದ ಒಂದೊಂದೇ ಕಟ್ಟನ್ನು ಎತ್ತಿ ಸಂಖ್ಯೆ ಕೊಡುತ್ತ ಹೋಗಿ. ಒಂದನೇ ಟ್ರಂಕಿನ ಮೂರನೇ ಕಟ್ಟಿನ ಹನ್ನೆರಡನೇ ಹಾಳೆ ಎಂದರೆ 01-03-012. ಮುಂದಿನ ಸೊನ್ನೆಗಳನ್ನು ಬಿಡಬೇಡಿ; ಬಿಟ್ಟರೆ ಕಂಪ್ಯೂಟರಿನಲ್ಲಿ 10 ಬಂದು 2ರ ಮುಂದೆ ಕೂರುತ್ತದೆ. ಸಂಖ್ಯೆಯನ್ನು ಹಾಳೆಯ ಹಿಂಬದಿಯ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲ್‌ನಲ್ಲಿ, ಒತ್ತದೆ ಬರೆಯಿರಿ. ಪೆನ್ನು, ಸ್ಟಿಕ್ಕರ್ ಬೇಡ. ಪೆನ್ಸಿಲ್ ಹತ್ತದ ನುಣುಪು ಫೋಟೊ ಆದರೆ ಅದನ್ನಿಡುವ ಲಕೋಟೆಯ ಮೇಲೆ ಬರೆದರಾಯಿತು. ಬರೆದು ಆದ ಮೇಲೆ ಫೋಟೊ ಒಳಗಿಡಿ. ಒಳಗಿಟ್ಟು ಬರೆದರೆ ಅಕ್ಷರ ಫೋಟೊದ ಮೇಲೆ ಒತ್ತಿಕೊಳ್ಳುತ್ತದೆ.

ಹುಳ ಹಿಡಿದ ಕಟ್ಟುಗಳನ್ನು ಆ ದಿನವೇ ಬೇರೆ ಕೋಣೆಗೆ ಒಯ್ಯಿರಿ. ಬರೀ ಕಾಗದವಾದರೆ ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಗಾಳಿ ಹೊರಹಾಕಿ, ಬಾಯಿ ಭದ್ರವಾಗಿ ಮುಚ್ಚಿ, ಮೈನಸ್ 18 ಡಿಗ್ರಿ ಮುಟ್ಟುವ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ಹೆಚ್ಚಿನವರು ಎಡವುವುದು ಆಮೇಲಿನ ಹೆಜ್ಜೆಯಲ್ಲಿ. ಹೊರತೆಗೆದ ಚೀಲವನ್ನು ಒಂದು ದಿನ ಬಿಚ್ಚಲೇಬಾರದು. ತಣ್ಣಗಿನ ಕಾಗದಕ್ಕೆ ಹೊರಗಿನ ಗಾಳಿ ತಗುಲಿದರೆ ನೀರು ಹನಿಗಟ್ಟಿ, ಹುಳ ಹೋಗಿ ಬೂಷ್ಟು ಬಂದಂತಾಗುತ್ತದೆ. ಗಾಜಿನ ನೆಗೆಟಿವ್, ಫೋಟೊ ಆಲ್ಬಮ್‌ಗಳಿಗೆ ಈ ಉಪಾಯ ಬೇಡ. ನುಸಿಗುಳಿಗೆಯನ್ನೂ ತೆಗೆದುಬಿಡಿ, ಅದರ ಆವಿ ಕೂರುವುದು ಕಾಗದದ ಮೇಲೆ ಮತ್ತು ನಿಮ್ಮ ಶ್ವಾಸಕೋಶದಲ್ಲಿ. ಬಟ್ಟೆಯಲ್ಲಿ ಕಟ್ಟಿದ ಬಜೆ, ಬೇವಿನೆಲೆ ಕಾಗದಕ್ಕೆ ತಾಗದಂತಿದ್ದರೆ ತೊಂದರೆಯಿಲ್ಲ, ಆದರೆ ಅದನ್ನೇ ನಂಬಿ ಕೂರಬೇಡಿ.

ತುಕ್ಕು ಹಿಡಿದ ಗುಂಡುಪಿನ್ನು ಎಳೆದರೆ ಕಾಗದ ಹರಿಯುತ್ತದೆ. ಅದರ ಎರಡೂ ಬದಿಗೆ ಗಟ್ಟಿ ಪ್ಲಾಸ್ಟಿಕ್ ಹಾಳೆಯ ತುಂಡು ತೂರಿಸಿ, ಮೆಲ್ಲಗೆ ಸರಿಸಿ ತೆಗೆಯಿರಿ. ಸೆಲ್ಲೋಟೇಪು ಕೀಳುವ ಕೆಲಸ ಸಂರಕ್ಷಣೆ ಕಲಿತವರಿಗೇ ಇರಲಿ. ಇಡುವುದು ಆಮ್ಲರಹಿತ ಕಾಗದದ ಫೋಲ್ಡರಿನಲ್ಲಿ. ಫೋಟೊಗೆ ಪಾಲಿಯೆಸ್ಟರ್ ಲಕೋಟೆ ಆದೀತು, ಸ್ಟೇಷನರಿ ಅಂಗಡಿಯ ಪಿವಿಸಿ ಕವರು ಬೇಡ; ಕೆಲವು ವರ್ಷಕ್ಕೆ ಚಿತ್ರ ಅದಕ್ಕೇ ಅಂಟಿಕೊಳ್ಳುತ್ತದೆ. ಜಾಗ ಅಟ್ಟವೂ ಆಗಬಾರದು, ಸ್ನಾನದ ಮನೆಯ ಗೋಡೆಯ ಕಡೆಯೂ ಆಗಬಾರದು. ನೆಲದಿಂದ ಒಂದು ಗೇಣು ಮೇಲಿರಲಿ. ಗಾಳಿಯ ತೇವಾಂಶ ಶೇ 45ರಿಂದ 55ರೊಳಗೆ ಇದ್ದರೆ ಉತ್ತಮ. ಧಾರವಾಡದ ಮಳೆಗಾಲದಲ್ಲಿ ಅದು ದಕ್ಕುವುದಿಲ್ಲ, ಆದ್ದರಿಂದ ಆ ತಿಂಗಳುಗಳಲ್ಲಿ ಪೆಟ್ಟಿಗೆಯನ್ನು ವಾರಕ್ಕೊಮ್ಮೆ ತೆರೆದು ನೋಡಿ.

ನೆಗೆಟಿವ್‌ಗಳನ್ನು ಮೂಸಿ ನೋಡಿ. ವಿನಿಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮು ಕೆಡತೊಡಗಿದೆ. ಆ ಆವಿ ಪಕ್ಕದ ಫಿಲ್ಮನ್ನೂ ಕೆಡಿಸುವುದರಿಂದ ಕೂಡಲೇ ಬೇರ್ಪಡಿಸಿ. 1951ರ ಸುಮಾರಿನವರೆಗೆ ನೈಟ್ರೇಟ್ ಫಿಲ್ಮು ಬಳಕೆಯಲ್ಲಿತ್ತು, ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ. ಅಂಚಿನಲ್ಲಿ ನೈಟ್ರೇಟ್ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ, ಅಥವಾ ಹಳದಿಯಾಗಿ ಜಿಗುಟಾಗಿದ್ದರೆ, ಬಿಗಿ ಡಬ್ಬಿಯಲ್ಲಿ ತುಂಬಬೇಡಿ, ಸ್ಕ್ಯಾನರಿಗೂ ಹಾಕಬೇಡಿ. ಬಿಸಿಯಿಂದ ದೂರವಿಟ್ಟು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕೇಳಿ.

ಇನ್ನು ಯಾವುದು ಮುಖ್ಯ ಎಂಬ ಮಾತು. ಮನೆಯವರು ಸಾಮಾನ್ಯವಾಗಿ ಮೇಕಪ್ಪಿನ ಫೋಟೊ, ಸನ್ಮಾನಪತ್ರ ಉಳಿಸಿಕೊಂಡು ಲೆಕ್ಕದ ಚೀಟಿಯನ್ನು ರದ್ದಿಗೆ ಹಾಕುತ್ತಾರೆ. ನಮ್ಮನ್ನು ಕೇಳಿದರೆ ಉಲ್ಟಾ ಮಾಡಬೇಕು. ಫೋಟೊದ ಇನ್ನೊಂದು ಪ್ರತಿ ಎಲ್ಲಾದರೂ ಇದ್ದೀತು. ಕಂಪನಿ ಎಷ್ಟು ಸಂಬಳ ಕೊಟ್ಟಿತು, ಯಾವ ಊರಿನ ಕ್ಯಾಂಪಿನಲ್ಲಿ ಎಷ್ಟು ಬಾಕಿ ಉಳಿಸಿತು, ಸೀರೆ ಯಾರ ಖರ್ಚು ಎನ್ನುವುದು ಆ ಚೀಟಿಯಲ್ಲಿ ಮಾತ್ರ ಇರುತ್ತದೆ. ಮೊದಲ ಕನ್ನಡ ವಾಕ್ಚಿತ್ರ "ಸತಿ ಸುಲೋಚನಾ" 1934ರಲ್ಲಿ ತೆರೆಕಂಡಿತು. ಅದರ ಪ್ರತಿಯೇ ಇಂದು ಉಳಿದಿಲ್ಲ. ಹಾಗೆ ಕಳೆದುಹೋದ ಚಿತ್ರಗಳ ವಿಷಯದಲ್ಲಿ ಹಾಡಿನ ಪುಸ್ತಕ, ಕರಾರುಪತ್ರ, ಸ್ಥಿರಚಿತ್ರಗಳೇ ಆಧಾರ. ಪಾರ್ಟಿನ ನೋಟ್‌ಬುಕ್ಕನ್ನೂ ಹಗುರವಾಗಿ ಕಾಣಬೇಡಿ. ಅಚ್ಚಾದ ನಾಟಕದಲ್ಲಿ ಇಲ್ಲದ ಮಾತು, ಹೊಡೆದುಹಾಕಿದ ಹಾಡು, ಅಂಚಿನಲ್ಲಿ ಬರೆದ ರಾಗದ ಹೆಸರು ಅಲ್ಲಿ ಸಿಗುತ್ತವೆ.

ಹ್ಯಾಂಡ್‌ಬಿಲ್ಲುಗಳಲ್ಲಿ ವಾರ, ತಾರೀಖು ಇದ್ದು ಇಸವಿ ಇಲ್ಲದಿರುವುದೇ ಹೆಚ್ಚು. ಅದನ್ನು ಕಂಡುಹಿಡಿಯಬಹುದು. "ಮೇ 14, ಶನಿವಾರ, ನೆಲ 50 ನ.ಪೈ." ಎಂದಿದೆ ಎನ್ನಿ; ನೆಲ ಎಂದರೆ ನೆಲದ ಮೇಲೆ ಕೂರುವವರ ಟಿಕೆಟ್ಟು, ನ.ಪೈ. ಎಂದರೆ ನಯಾ ಪೈಸೆ. ಮೇ 14 ಶನಿವಾರ ಬಿದ್ದದ್ದು 1949, 1955, 1960, 1966ರಲ್ಲಿ. ನಯಾ ಪೈಸೆ ಚಲಾವಣೆಗೆ ಬಂದದ್ದು 1957ರ ಏಪ್ರಿಲ್ 1ಕ್ಕೆ, "ನಯಾ" ಬಿಟ್ಟದ್ದು 1964ರ ಜೂನ್ 1ಕ್ಕೆ. ಹಾಗಾದರೆ ಅದು 1960. ಪತ್ರದ ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. "ಮೈಸೂರು ರಾಜ್ಯ" ಎಂದು ಅಚ್ಚಾಗಿದ್ದರೆ ಬಹುಮಟ್ಟಿಗೆ 1973ರ ನವೆಂಬರ್ 1ಕ್ಕೆ ಹಿಂದಿನದು. ಹಳೆಯ ಲೆಟರ್‌ಹೆಡ್ ಮುಗಿಯುವವರೆಗೂ ಬಳಸುವವರಿರುತ್ತಾರೆ, ಅದಕ್ಕೇ "ಬಹುಮಟ್ಟಿಗೆ" ಎಂದದ್ದು. ಸಂವತ್ಸರ ಬರೆದಿದ್ದರೆ ಇನ್ನೂ ಸುಲಭ: ಪ್ರಭವ 1927ರ ಯುಗಾದಿಗೆ ಶುರು, ಅಲ್ಲಿಂದ ಎಣಿಸಿದರೆ ಸರ್ವಜಿತ್ 1947-48. ಊಹಿಸಿದ ಇಸವಿಯನ್ನು ಪಟ್ಟಿಯಲ್ಲಿ ಚೌಕ ಕಂಸದೊಳಗೆ ಹಾಕಿ, ಕಾರಣವನ್ನೂ ಬರೆಯಿರಿ.

ಸ್ಕ್ಯಾನಿಂಗ್ ಪಟ್ಟಿಯಾದ ಮೇಲೆ. ಪತ್ರಕ್ಕೆ 300ರಿಂದ 400 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಅಳತೆ), ಫೋಟೊಗೆ 600. ಮೂಲ ಕಡತ ಟಿಫ್, ಹಂಚಲು ಜೆಪೆಗ್. ಫೋಟೊದ ಬೆನ್ನನ್ನೂ ತಪ್ಪದೆ ಸ್ಕ್ಯಾನ್ ಮಾಡಿ. ಸ್ಟುಡಿಯೋದ ಮುದ್ರೆ ಇರುವುದು ಅಲ್ಲೇ.

ಪ್ರಶ್ನೆ: ಅವೇ ಪತ್ರಗಳನ್ನು ಪುಸ್ತಕ ಮಾಡಬಹುದೇ? ಸಂಸ್ಥೆಗೆ ಕೊಡುವುದಾದರೆ ಏನು ಕೇಳಬೇಕು?

ಉತ್ತರ: ಅಜ್ಜಿಗೆ ಬಂದ ಪತ್ರದ ಕಾಗದ ನಿಮ್ಮದು, ಅದರೊಳಗಿನ ಬರಹದ ಕೃತಿಸ್ವಾಮ್ಯ ಬರೆದವರದು, ಅವರಿಲ್ಲದಿದ್ದರೆ ಅವರ ವಾರಸುದಾರರದು. ಅಚ್ಚು ಹಾಕಲು ಅವರ ಒಪ್ಪಿಗೆ ಬರಹದಲ್ಲಿ ಬೇಕು. ಅಜ್ಜಿಯೇ ಬರೆದ ದಿನಚರಿಯ ಹಕ್ಕು ಟ್ರಂಕು ಇಟ್ಟುಕೊಂಡ ಒಬ್ಬರದಲ್ಲ, ಎಲ್ಲ ವಾರಸುದಾರರದು. ಅಪ್ರಕಟಿತ ಹಸ್ತಪ್ರತಿಯನ್ನು ಉಯಿಲಿನಲ್ಲಿ ಒಬ್ಬರಿಗೆ ಬರೆದಿದ್ದು, ಬೇರೆ ಷರತ್ತು ಇಲ್ಲದಿದ್ದರೆ, ಹಕ್ಕೂ ಅವರಿಗೇ ಹೋಗುತ್ತದೆ.

ಸಂಸ್ಥೆಗೆ ಕೊಡುವಾಗ ದಾನವೋ ಠೇವಣಿಯೋ (ಒಡೆತನ ನಿಮ್ಮಲ್ಲೇ ಉಳಿಸಿಕೊಂಡು ಇಡಲು ಕೊಡುವುದು) ಎಂದು ಮೊದಲೇ ಬರೆಸಿಕೊಳ್ಳಿ. ನಿಮ್ಮ ಸಂಖ್ಯೆಗಳಿರುವ ಪಟ್ಟಿಯ ಮೇಲೆ ರಸೀದಿ ಪಡೆಯಿರಿ. "ಎರಡು ಟ್ರಂಕು ಹಳೆಯ ಕಾಗದ" ಎಂಬ ರಸೀದಿಯಿಂದ ನಾಳೆ ಏನನ್ನೂ ಕೇಳಲಾಗದು. ಸಾಲ, ಕಾಯಿಲೆ, ಬದುಕಿರುವವರ ಸಂಸಾರದ ವಿಷಯವಿರುವ ಪತ್ರಗಳನ್ನು ಸುಟ್ಟುಹಾಕುವ ಬದಲು, ಇಂಥ ಇಸವಿಯವರೆಗೆ ಯಾರಿಗೂ ತೋರಿಸಬಾರದು ಎಂದು ಮುಚ್ಚಿದ ಲಕೋಟೆಯಲ್ಲಿ ಕೊಡಬಹುದು. ಓದುವವರಿಗೆ ಅವಕಾಶ ಹೇಗೆ ಎಂಬುದನ್ನೂ ಕೇಳಿ. ಬೀರುವಿನಲ್ಲಿ ಬೀಗ ಹಾಕಿಡುವುದಾದರೆ ನಿಮ್ಮ ಮನೆಯ ಬೀರುವೇ ಸಾಕು.

ಪ್ರಶ್ನೆ: ನಾಟಕದ್ದು ಒಂದು ಕಡೆ, ಸಿನಿಮಾದ್ದು ಇನ್ನೊಂದು ಕಡೆ ಕೊಡಬಹುದೇ?

ಉತ್ತರ: ದೊಡ್ಡವರ ವಿಷಯದಲ್ಲೂ ಹಾಗಾಗಿದೆ. 2003ರಲ್ಲಿ ತೀರಿಕೊಂಡ ಹಾಲಿವುಡ್ ನಟಿ ಕ್ಯಾಥರೀನ್ ಹೆಪ್‌ಬರ್ನ್ ಅವರ ರಂಗಭೂಮಿಯ ಕಾಗದಗಳು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ, ಚಿತ್ರರಂಗದವು ಲಾಸ್ ಏಂಜಲೀಸ್ ಕಡೆಯ ಮಾರ್ಗರೆಟ್ ಹೆರಿಕ್ ಗ್ರಂಥಾಲಯದಲ್ಲಿ. ಡಾರ್ಜಿಲಿಂಗ್‌ನಲ್ಲಿ ಹುಟ್ಟಿದ ನಟಿ ವಿವಿಯನ್ ಲೀ ಅವರ ಸಂಗ್ರಹವನ್ನು 2013ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಪಡೆಯಿತು. ಅವರ ಪತಿಯಾಗಿದ್ದ ನಟ ಲಾರೆನ್ಸ್ ಒಲಿವಿಯೆ ಅವರದು ಅದೇ ಊರಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಲ್ಲಿ ಇದು ನಡೆಯುವುದು ಎರಡೂ ಕಡೆ ವಿವರವಾದ ಸೂಚಿಗಳಿರುವುದರಿಂದ. ನಮ್ಮ ನಟಿಯರು ಹಗಲು ಶೂಟಿಂಗ್, ರಾತ್ರಿ ನಾಟಕ ಮಾಡಿದವರು. ಒಂದೇ ಪತ್ರದಲ್ಲಿ ಎರಡೂ ಇರುತ್ತದೆ. ಅದನ್ನು ಯಾವ ಕಡೆಗೆ ಹಾಕುತ್ತೀರಿ? ಒಟ್ಟಿಗೇ ಕೊಡಿ. ಭಾಗ ಮಾಡಲೇಬೇಕಾದರೆ 01-03-012ರಂಥ ಸಂಖ್ಯೆಗಳನ್ನು ಬದಲಿಸದೆ, ಪೂರ್ತಿ ಪಟ್ಟಿಯ ಒಂದೊಂದು ಪ್ರತಿಯನ್ನು ಎರಡೂ ಸಂಸ್ಥೆಗೆ ಕೊಟ್ಟು, ಮೂರನೆಯದನ್ನು ಮನೆಯಲ್ಲಿಟ್ಟುಕೊಳ್ಳಿ.