ಬೇಲಿ ಬುಡದ ಹೊಗೆ: ಮೊದಲು ಬೂದಿ ನೋಡಿ

ಮನೆಯ ಬೇಲಿ ಬುಡದಲ್ಲಿ ಹೊಗೆ ಎದ್ದದ್ದೇಕೆ, ಏನು ಮಾಡಬೇಕು ಎಂದು ಫೋಟೋ ಸಮೇತ ಕೇಳಿದ್ದೀರಿ. ಕಾರಣ ಬಹುಪಾಲು ನಿಮ್ಮ ಇದ್ದಿಲು ಗ್ರಿಲ್‌ನ ಬೂದಿಯೇ. ಶನಿವಾರ ಬೇಲಿ ಬುಡಕ್ಕೆ ಸುರಿದಿರಿ, ಸೋಮವಾರ ಗಾಳಿ ಎದ್ದಾಗ ಅಲ್ಲೇ ಹೊಗೆಯಾಡಿತು ಅಂದಿರಲ್ಲ, ಲೆಕ್ಕ ಸರಿಹೋಗುತ್ತದೆ. ಯಾರೋ ಎಸೆದ ಸಿಗರೇಟೂ ಆಗಿರಬಹುದು, ಆದರೆ ಮಾಡಬೇಕಾದ್ದು ಅದೇ.

ಇದ್ದಿಲಿನ ಕೆಂಡ ಬೂದಿಯೊಳಗೆ ದಿನಗಟ್ಟಲೆ ಆರದೆ ಉಳಿಯುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊದ ನಿಮ್ಮ ಸಾಂಟಾ ಫೆ ಪಕ್ಕದಲ್ಲೇ, 2022ರ ಜನವರಿಯಲ್ಲಿ ಅರಣ್ಯ ಇಲಾಖೆ ಸುಟ್ಟ ಸೌದೆ ರಾಶಿಯೊಂದು ಹಿಮದಡಿ ಕನಲುತ್ತಲೇ ಇದ್ದು, ಏಪ್ರಿಲ್ ಗಾಳಿಗೆ ಕಾಫ್ ಕ್ಯಾನ್ಯನ್ ಬೆಂಕಿಯಾಗಿ ಎದ್ದಿತು. ಹರ್ಮಿಟ್ಸ್ ಪೀಕ್ ಬೆಂಕಿಯ ಜತೆ ಸೇರಿ 3.4 ಲಕ್ಷ ಎಕರೆ ಸುಟ್ಟಿತು.

ಈಗಲೇ ಆ ಜಾಗಕ್ಕೆ ನೀರು ಸುರಿದು, ಸಲಿಕೆಯಿಂದ ಕೆದಕಿ, ಮತ್ತೆ ಸುರಿಯಿರಿ. ಅಂಗೈ ಹಿಂಬದಿಯನ್ನು ಹತ್ತಿರ ಹಿಡಿದರೆ ಚೂರೂ ಬಿಸಿ ತಾಗಬಾರದು. ಮತ್ತೆ ಹೊಗೆ ಕಂಡರೆ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ, ಸಂಕೋಚ ಬೇಡ. ಮುಂದೆ ಬೂದಿಯನ್ನು ಮುಚ್ಚಳದ ಲೋಹದ ಬಕೆಟ್‌ನಲ್ಲಿ ನೆನೆಸಿ, ಮನೆಯಿಂದ ದೂರ ಇಡಿ. ಪ್ಲಾಸ್ಟಿಕ್ ಕಸದ ಡಬ್ಬಿಗೆ ಖಂಡಿತ ಬೇಡ.

ಆಮೇಲೆ, ಕಿಡಿ ಹಾರಿಬಂದರೂ ಮನೆಗೆ ಬೆಂಕಿ ಹತ್ತದಂತೆ, ಮನೆ ಗೋಡೆಯಿಂದ ಐದು ಅಡಿವರೆಗಿನ ಮರದ ತೊಗಟೆ ಹಾಸು ತೆಗೆದು ಜಲ್ಲಿ ಹಾಕಿ. ಅಂದ ಕಡಿಮೆಯಾಗುತ್ತದೆ, ಆಗಲಿ. ಚಾವಣಿ ಮೇಲಿನ ಒಣ ಎಲೆ ಗುಡಿಸಿ. ಗಾಳಿಕಿಂಡಿಗಳಿಗೆ ಇಂಚಿನ ಎಂಟನೇ ಒಂದು ಭಾಗದಷ್ಟು ತೂತಿನ ಲೋಹದ ಜಾಲರಿ ಇದೆಯೇ ನೋಡಿ, ಫೋಟೋದಲ್ಲಿ ನನಗೆ ಗೊತ್ತಾಗಲಿಲ್ಲ. ಮರದ ಬೇಲಿ ಮನೆಗೆ ತಾಗಿದ್ದರೆ ಆ ಕೊನೆಯ ತುಂಡನ್ನಾದರೂ ಕಬ್ಬಿಣದ್ದು ಮಾಡಿಸಿ.

ರೆಡ್ ಫ್ಲಾಗ್ ಎಚ್ಚರಿಕೆ (ಒಣ ಹವೆ, ಜೋರು ಗಾಳಿಯಿಂದ ಬೆಂಕಿ ಬೇಗ ಹಬ್ಬುವ ದಿನಗಳಿಗೆ ಹವಾಮಾನ ಇಲಾಖೆ ಕೊಡುವ ಸೂಚನೆ) ಇರುವ ದಿನ ಇದ್ದಿಲು ಹೊತ್ತಿಸಲೇಬೇಡಿ. ಗ್ಯಾಸ್ ಗ್ರಿಲ್ ನಡೆಯುತ್ತದೆಯೇ ಅನ್ನುವುದು ಆಗ ಬೆಂಕಿ ಹಚ್ಚುವುದಕ್ಕಿರುವ ನಿರ್ಬಂಧದ ಮೇಲೆ ನಿಂತಿರುತ್ತದೆ. ಅಗ್ನಿಶಾಮಕ ಠಾಣೆಯ ಸಾಮಾನ್ಯ ನಂಬರಿಗೆ ಫೋನ್ ಮಾಡಿದರೆ ಹೇಳುತ್ತಾರೆ.